ಫೋನಿನ ಈ ತುದಿಯಲ್ಲಿ ಯಾರಿದ್ದಾರೆ?

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಬಸ್ಸಿಗೆ ಅರ್ಧ ಗಂಟೆಯ ದಾರಿ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಬಡಾವಣೆಗೊಂದರಂತೆ ನರ್ಸಿಂಗ್ ಹೋಮ್‌ಗಳಿವೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಹತ್ತಿಗಿರಣಿಗಳ ಈ ಊರು ಡಾಕ್ಟರುಗಳ ಊರೂ ಆಯಿತು. ಸುತ್ತಲಿನ ಜಿಲ್ಲೆಗಳವರೂ ‘ದಾವಣಗೆರೆಗೆ ತೋರ್ಸಾಕ ಹೋಗ್ತೀವಿ’ ಎನ್ನುವುದು ವಾಡಿಕೆ. ಇಂಥ ಕಡೆ ಟೆಲಿಮೆಡಿಸಿನ್ ಯಾರಿಗೆ ಬೇಕು, ಅದೇನಿದ್ದರೂ ಕಾಡಿನ ಹಾಡಿಗೆ, ಗುಡ್ಡದ ಮೇಲಿನ ಊರಿಗೆ ಇರಬೇಕಾದದ್ದು ಎನ್ನುವವರಿದ್ದಾರೆ.

ಕಿಲೋಮೀಟರ್ ಲೆಕ್ಕ ಹಿಡಿದರೆ ಅವರ ಮಾತು ಸರಿ. ಆದರೆ ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆ ಗದ್ದೆ ನಾಟಿಗೆ ಹೋಗುವ ಹೆಣ್ಣುಮಗಳೊಬ್ಬಳ ಲೆಕ್ಕ ಬೇರೆ. ಬಿಪಿ ಮಾತ್ರೆ ಮುಗಿದಿದೆ, ಅದೇ ಮಾತ್ರೆ ಮುಂದುವರಿಸಬೇಕೋ ಬದಲಿಸಬೇಕೋ ಕೇಳಬೇಕು. ಅದಕ್ಕಾಗಿ ನಗರದ ಆಸ್ಪತ್ರೆಗೆ ಹೊರಟರೆ ಆ ದಿನದ ಕೂಲಿ ಹೋಯಿತು. ಜೊತೆಗೆ ಮಗನೋ ಮಗಳೋ ಬಂದರೆ ಇನ್ನೊಂದು ಕೂಲಿ. ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರ ಕೋಣೆಯ ಮುಂದೆ ಒಂದು ಸಾಲು, ಔಷಧಿ ಕಿಟಕಿಯಲ್ಲಿ ಮತ್ತೊಂದು. ಡಾಕ್ಟರು ನೋಡುವುದು ಎರಡು ಮೂರು ನಿಮಿಷ. ಅವರನ್ನು ದೂರುವಂತಿಲ್ಲ, ಹಿಂದೆ ಅಷ್ಟು ಜನ ನಿಂತಿರುತ್ತಾರೆ. ಹೀಗಾಗಿ ಆಕೆ ಈ ತಿಂಗಳು ಬೇಡ, ಸುಗ್ಗಿ ಮುಗಿಯಲಿ ಎಂದುಕೊಳ್ಳುತ್ತಾಳೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಬೇರೆ. ಎಷ್ಟೋ ಮನೆಗಳಲ್ಲಿ ಲಕ್ವದ ಕಥೆ ಶುರುವಾಗುವುದು ಹೀಗೆಯೇ. ನಮ್ಮ ಕಡೆಯ ದೂರವನ್ನು ಅಳೆಯಬೇಕಾದದ್ದು ಕೂಲಿಯಲ್ಲಿ. ಆ ಅಳತೆಯಲ್ಲಿ ಹರಿಹರವೂ ದೂರವೇ, ದಾವಣಗೆರೆಯೊಳಗಿನ ಆಜಾದ್ ನಗರವೂ ದೂರವೇ.

ಹಾಗಾಗಿ ಟೆಲಿಮೆಡಿಸಿನ್ ನಮಗೆ ಬೇಕು. ಪ್ರಶ್ನೆ ಇರುವುದು ಮುಂದೆ: ಅದನ್ನು ನಡೆಸಬೇಕಾದವರು ಸಿದ್ಧರಿದ್ದಾರೆಯೇ? ಈ ಮಾತು ಬಂದಾಗಲೆಲ್ಲ ಚರ್ಚೆ ಕ್ಯಾಮೆರಾ, ಸರ್ವರ್, ಆ್ಯಪ್, ಬೆಂಗಳೂರಿನ ತಜ್ಞರ ಸುತ್ತಲೇ ಸುತ್ತುತ್ತದೆ. ರೋಗಿಯ ಪಕ್ಕದಲ್ಲಿ ಕೂತಿರುವ ನರ್ಸಮ್ಮನ ಬಗ್ಗೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ (ಸಿಎಚ್‌ಒ) ಬಗ್ಗೆ, ಆಶಾ ಕಾರ್ಯಕರ್ತೆಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಟೆಲಿಮೆಡಿಸಿನ್ ಗೆಲ್ಲುವುದೂ ಸೋಲುವುದೂ ಈ ತುದಿಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನಿನ ವಿಚಾರ, ಏಕೆಂದರೆ ನಮ್ಮ ಎಷ್ಟೋ ಡಾಕ್ಟರುಗಳಿಗೆ ಇಂದಿಗೂ ಅಳುಕಿರುವುದು ಅಲ್ಲೇ. ನಮ್ಮ ದೇಶಕ್ಕೆ ದೂರವೈದ್ಯ ಹೊಸದೇನಲ್ಲ. ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡದಲ್ಲಿ 2000ನೇ ಇಸವಿಯಲ್ಲೇ ಅಪೋಲೊ ಆಸ್ಪತ್ರೆಯವರು ಇದನ್ನು ಶುರು ಮಾಡಿದ್ದರು. ಅದಾದ ಸ್ವಲ್ಪದರಲ್ಲೇ ಇಸ್ರೋ ಉಪಗ್ರಹದ ನೆರವಿನಿಂದ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಕೊಂಡಿ ಬೆಸೆಯಿತು. ಆದರೆ ನಿಯಮ ಎಂಬುದು ಇರಲಿಲ್ಲ. 2018ರಲ್ಲಿ ರತ್ನಾಗಿರಿಯ ವೈದ್ಯ ದಂಪತಿಯ ಪ್ರಕರಣದಲ್ಲಿ, ಫೋನಿನಲ್ಲೇ ಚಿಕಿತ್ಸೆ ಹೇಳಿ ಬಾಣಂತಿ ತೀರಿಕೊಂಡದ್ದಕ್ಕೆ ಬಾಂಬೆ ಹೈಕೋರ್ಟು ನಿರೀಕ್ಷಣಾ ಜಾಮೀನು ನಿರಾಕರಿಸಿದಾಗ ದೇಶದ ಡಾಕ್ಟರುಗಳೆಲ್ಲ ಫೋನ್ ಎತ್ತಲು ಹೆದರಿದರು. ಆ ಗೊಂದಲ ಬಗೆಹರಿದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿಯಿಂದ. ನೋಂದಾಯಿತ ವೈದ್ಯರು ವಿಡಿಯೊ, ಫೋನ್, ಬರಹ ಯಾವುದರ ಮೂಲಕವಾದರೂ ರೋಗಿಯನ್ನು ನೋಡಬಹುದು ಎಂದು ಅದು ಒಪ್ಪಿತು.

ಒಪ್ಪಿದ್ದರ ಜೊತೆಗೆ ಕಟ್ಟುಪಾಡುಗಳೂ ಇವೆ, ಅವು ನಮ್ಮ ಆರೋಗ್ಯ ಸಿಬ್ಬಂದಿಗೆ ಬಾಯಿಪಾಠ ಆಗಿರಬೇಕು. ರೋಗಿಯ ಹೆಸರು, ವಯಸ್ಸು ಖಾತ್ರಿಯಾಗದೆ ಔಷಧಿ ಬರೆಯುವಂತಿಲ್ಲ. ರೋಗಿ ತಾನಾಗಿ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಲೆಕ್ಕ. ಆದರೆ ನರ್ಸೋ ಸಿಎಚ್‌ಒನೋ ರೋಗಿಯ ಪರವಾಗಿ ಕರೆ ಮಾಡಿದರೆ ಆ ರೋಗಿಯ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು. ಮೊದಲ ಸಲ ಬರೇ ಫೋನಿನಲ್ಲಿ ಮಾತಾಡಿದವರಿಗೆ ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನಷ್ಟೇ ಹೇಳಬಹುದು. ವಿಡಿಯೊದಲ್ಲಿ ನೋಡಿದ್ದರೆ ಹುಳುಕಡ್ಡಿ ಮುಲಾಮು, ಕಣ್ಣಿನ ಡ್ರಾಪ್ಸ್ ತನಕ ಹೋಗಬಹುದು. ಸಕ್ಕರೆ ಕಾಯಿಲೆ, ಬಿಪಿ, ಉಬ್ಬಸಕ್ಕೆ ಮೊದಲೇ ನಡೆಯುತ್ತಿರುವ ಮಾತ್ರೆಯನ್ನು ಮುಂದುವರಿಸಿ ಬರೆಯಬಹುದು. ಅಮಲು ಬರಿಸುವ ಮಾದಕ ಔಷಧಿಗಳು ಪೂರ್ತಿ ನಿಷಿದ್ಧ. ಕೃತಕ ಬುದ್ಧಿಮತ್ತೆಯ ಯಂತ್ರ ತಾನೇ ಸಲಹೆ ಕೊಡುವುದಕ್ಕೂ ಔಷಧಿ ಬರೆಯುವುದಕ್ಕೂ ಅನುಮತಿ ಇಲ್ಲ. ಡಾಕ್ಟರಿಗೆ ನೆರವಾಗಬಹುದು, ಅಷ್ಟೇ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಉಪಕೇಂದ್ರದ ಗೋಡೆಗೆ ಅಂಟಿಸಲು ದೊಡ್ಡ ಬಜೆಟ್ ಬೇಕಾಗಿಲ್ಲ.

ಈ ನಿಯಮಗಳನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೂರವೈದ್ಯಕ್ಕೆ ಹೇಳಿ ಮಾಡಿಸಿದ್ದು ಹೊಸ ಕಾಯಿಲೆಯನ್ನು ಕಂಡುಹಿಡಿಯುವ ಕೆಲಸಕ್ಕಿಂತ, ಹಳೆಯ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಡುವ ಕೆಲಸ. ನಮಗೆ ಬೇಕಾಗಿರುವುದೂ ಅದೇ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದು ಮುದುಕರಾದವರು, ದಾವಣಗೆರೆಯ ಗಿರಣಿಗಳಲ್ಲಿ ಹತ್ತಿಯ ಧೂಳು ಕುಡಿದವರು, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಕೆಮ್ಮುತ್ತಿರುವವರು, ಇವರಿಗೆಲ್ಲ ಬೇಕಾದದ್ದು ತಿಂಗಳಿಗೊಮ್ಮೆ ತಪ್ಪದೆ ಯಾರಾದರೂ ವಿಚಾರಿಸುವುದು.

ಸರ್ಕಾರಿ ವ್ಯವಸ್ಥೆಯ ಹೆಸರು ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ಸಿದ್ಧಪಡಿಸಿದ್ದು. 2019ರ ನವೆಂಬರಿನಲ್ಲಿ ಉಪಕೇಂದ್ರದಿಂದ ಡಾಕ್ಟರಿಗೆ ಸಂಪರ್ಕ ಕಲ್ಪಿಸುವ ಭಾಗ ಶುರುವಾಯಿತು. 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ ಒಪಿಡಿ ಸೇರಿಕೊಂಡಿತು. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳು ದಾಟಿದವು. ದೊಡ್ಡ ಸಂಖ್ಯೆ, ಅದರ ಹಿಂದಿನ ದುಡಿಮೆಯೂ ದೊಡ್ಡದು. ಆದರೆ ಅವರಲ್ಲಿ ಎಷ್ಟು ಜನರ ಬಿಪಿ ಹತೋಟಿಗೆ ಬಂತು, ಎಷ್ಟು ಜನರಿಗೆ ಬರೆದ ಮಾತ್ರೆ ಸಿಕ್ಕಿತು ಎಂಬುದನ್ನು ಈ ಎಣಿಕೆ ಹೇಳುವುದಿಲ್ಲ.

ಉಪಕೇಂದ್ರದಲ್ಲಿ ಕೆಲಸ ನಡೆಯುವ ಬಗೆ ಇದು. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು. ಅಲ್ಲಿ ಒಬ್ಬರು ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ನರ್ಸಿಂಗ್ ಓದಿ, ಸಮುದಾಯ ಆರೋಗ್ಯದಲ್ಲಿ ತರಬೇತಿ ಪಡೆದು ಬಂದವರು, ಬಹುಪಾಲು ಗುತ್ತಿಗೆಯ ಮೇಲಿರುವವರು. ರೋಗಿ ಬಂದಾಗ ಇವರು ಲಾಗಿನ್ ಆಗಿ, ರೋಗಿಯ ಹೆಸರು ದಾಖಲಿಸಿ, ತೊಂದರೆಯನ್ನು ಪಟ್ಟಿಯಿಂದ ಆರಿಸಿ, ಬಿಪಿ, ಸಕ್ಕರೆ, ತೂಕ ತುಂಬಿ ಆಚೆ ತುದಿಯ ಡಾಕ್ಟರಿಗಾಗಿ ಕಾಯುತ್ತಾರೆ. ಡಾಕ್ಟರು ಸಿಕ್ಕಿ ಮಾತಾಡಿ ಬರೆದ ಚೀಟಿ ಪರದೆಯ ಮೇಲೆ ಬರುತ್ತದೆ. ಪ್ರಿಂಟ್ ತೆಗೆದು ಕೊಡಬೇಕು, ಮಾತ್ರೆ ಎಣಿಸಿ ಕೊಡಬೇಕು, ಮತ್ತೆ ಯಾವಾಗ ಬರಬೇಕೆಂದು ತಿಳಿಹೇಳಬೇಕು.

ಇದರಲ್ಲಿ ಡಾಕ್ಟರಿಗೆ ಕಾಣುವುದು ಸಿಎಚ್‌ಒ ತುಂಬಿದ ಅಂಕಿಗಳಷ್ಟೇ. ಬಿಪಿಯನ್ನೇ ತೆಗೆದುಕೊಳ್ಳಿ. ನಡೆದು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೆ, ಅಳೆಯುವಾಗ ಮಾತಾಡಿಸಿದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಹತ್ತಾರು ಅಂಕಿ ಹೆಚ್ಚು ತೋರಿಸಬಹುದು. ಹೊರಗೆ ಹತ್ತು ಜನ ಕಾಯುತ್ತಿರುವಾಗ ಆ ಐದು ನಿಮಿಷ ಮೊದಲು ಹೋಗುತ್ತದೆ. ಹೆಚ್ಚಾಗಿ ಬಂದ ಅಂಕಿ ಪರದೆಯಲ್ಲಿ ಹೋಗುತ್ತದೆ, ಆಚೆಯಿಂದ ಮಾತ್ರೆ ಏರಿಸಿ ಚೀಟಿ ಬರುತ್ತದೆ, ಮನೆಗೆ ಹೋದ ಅಜ್ಜಿ ಬೆಳಿಗ್ಗೆ ಏಳುವಾಗ ಕಣ್ಣು ಕತ್ತಲಿಟ್ಟು ಬೀಳುತ್ತಾಳೆ. ಡಾಕ್ಟರು ತಪ್ಪು ಮಾಡಲಿಲ್ಲ, ನೆಟ್ ಕೈಕೊಡಲಿಲ್ಲ, ಆದರೂ ಚಿಕಿತ್ಸೆ ತಪ್ಪಿತು.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇನ್ನೂ ಕಷ್ಟ. ಫೋಟೊ ತೆಗೆಯುವುದೂ ಒಂದು ಕಲೆ. ಫ್ಲಾಶ್ ಹಾಕಬಾರದು, ಕಿಟಕಿಯ ಬೆಳಕಿರಬೇಕು, ಒಂದು ದೂರದಿಂದ ಒಂದು ಹತ್ತಿರದಿಂದ ತೆಗೆಯಬೇಕು, ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಬೇಕು. ಇಷ್ಟಾದರೂ ವಾಸನೆ ಫೋಟೊದಲ್ಲಿ ಬರುವುದಿಲ್ಲ, ಬಿಸಿ ಬರುವುದಿಲ್ಲ, ಪಾದದ ನಾಡಿ ಮಿಡಿಯುತ್ತಿದೆಯೋ ಇಲ್ಲವೋ ಬರುವುದಿಲ್ಲ. ಬೆರಳಿಟ್ಟು ನೋಡಬೇಕಾದದ್ದು ಸಿಎಚ್‌ಒ. ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ‘ಗೊತ್ತಾಗ್ತದೇನಮ್ಮ’ ಎಂದು ಕೇಳಬೇಕಾದದ್ದೂ ಅವರೇ. ಇದನ್ನು ಕಲಿಸಿದ್ದೇವೆಯೇ, ಆ ಎಳೆಯನ್ನು ಕೊಟ್ಟಿದ್ದೇವೆಯೇ ಎಂಬುದರ ಮೇಲೆ ಒಂದು ಕಾಲು ಉಳಿಯುವುದು ಅಳಿಯುವುದು ನಿಂತಿರುತ್ತದೆ.

ಸಿಬ್ಬಂದಿಯ ಸಿದ್ಧತೆಯನ್ನು ಅಳೆಯಲು ಸಮೀಕ್ಷೆ ಮಾಡುವವರು ಸಾಮಾನ್ಯವಾಗಿ ‘ಟೆಲಿಮೆಡಿಸಿನ್ ಬಗ್ಗೆ ಗೊತ್ತಿದೆಯೇ, ಉಪಯೋಗಿಸಲು ಇಷ್ಟವಿದೆಯೇ’ ಎಂದು ಕೇಳುತ್ತಾರೆ. ಬೇಡ ಎನ್ನುವವರು ಯಾರಿದ್ದಾರೆ? ಮೇಲಧಿಕಾರಿಯ ಮುಂದೆಯಂತೂ ಯಾರೂ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಇನ್ನೂ ನೆಲಕ್ಕೆ ಹತ್ತಿರದವು. ಟ್ಯಾಬ್ ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿಯಾಗಿ ಬರುತ್ತದೆ? ಅಲ್ಲಿಯವರೆಗೆ ಸ್ವಂತ ಫೋನ್, ಸ್ವಂತ ಡೇಟಾವೇ? ಕರೆಂಟ್ ಹೋದಾಗ ಯುಪಿಎಸ್ ಇದೆಯೇ? ಗ್ಲೂಕೋಮೀಟರ್ ಇದೆ, ಪಟ್ಟಿ ಇದೆಯೇ? ಪ್ರಿಂಟರಿಗೆ ಶಾಯಿ ಯಾರು ತುಂಬಿಸುತ್ತಾರೆ? ರೋಗಿ ಎದುರಿಗೆ ಕೂತಾಗ ಡಾಕ್ಟರು ಸಿಗಲು ಎಷ್ಟು ಹೊತ್ತು?

ಆಶಾ ಕಾರ್ಯಕರ್ತೆಯರು ಈ ಪ್ರಶ್ನೆಗಳನ್ನು ಬೀದಿಯಲ್ಲಿ ನಿಂತು ಕೇಳಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ 15,000 ರೂಪಾಯಿ ಖಾತ್ರಿ ಮಾಡಿ ಎಂದು ಒತ್ತಾಯಿಸಿದಾಗ, ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಗಂಟು ಹಾಕಿ ಮಾಡಿದ ಕೆಲಸದ ಹಣವೂ ಕೈಗೆ ಬರುತ್ತಿಲ್ಲ ಎಂಬುದು ಅವರ ದೂರುಗಳಲ್ಲಿ ಒಂದು. ಅವರ ಮಾತಿನಲ್ಲಿ ನ್ಯಾಯವಿದೆ. ತಾಯಿ ಮಕ್ಕಳದ್ದು ಒಂದು ಪೋರ್ಟಲ್, ಬಿಪಿ ಸಕ್ಕರೆಯದ್ದು ಇನ್ನೊಂದು, ಕ್ಷಯಕ್ಕೆ ನಿಕ್ಷಯ್, ಲಸಿಕೆಗೆ ಯು-ವಿನ್, ಮೇಲೆ ಇ-ಸಂಜೀವಿನಿ. ಒಬ್ಬರೇ ರೋಗಿಯ ಹೆಸರನ್ನು ಮೂರು ಕಡೆ ತುಂಬುವ ಹೊತ್ತು ರೋಗಿಯಿಂದಲೇ ಕಡಿತವಾದ ಹೊತ್ತು. ಇದರ ಮೇಲೆ ದಿನಕ್ಕೆ ಇಷ್ಟು ಕರೆ ಆಗಲೇಬೇಕೆಂದು ಗುರಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ನೆಗಡಿಗೂ ಕರೆ, ಮೈಕೈ ನೋವಿಗೂ ಕರೆ. ಸಂಖ್ಯೆ ತುಂಬುತ್ತದೆ, ಕಾಲಿನ ಹುಣ್ಣಿನವರಿಗೆ ಡಾಕ್ಟರು ಸಿಗುವುದಿಲ್ಲ.

ಔಷಧಿಯ ಮಾತೂ ಇಲ್ಲೇ ಬರಬೇಕು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಉಪಕೇಂದ್ರದಲ್ಲಿ 105 ಬಗೆಯ ಔಷಧಿ, 14 ಬಗೆಯ ಪರೀಕ್ಷೆ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 172 ಔಷಧಿ, 63 ಪರೀಕ್ಷೆ. ಆಚೆ ತುದಿಯ ಡಾಕ್ಟರಿಗೆ ಈ ತುದಿಯ ಕಪಾಟಿನಲ್ಲಿ ಏನಿದೆ ಎಂದು ಕಾಣದಿದ್ದರೆ ಇಲ್ಲದ ಮಾತ್ರೆಯನ್ನೇ ಬರೆಯುತ್ತಾರೆ. ರೋಗಿ ಅದನ್ನು ಕೊಳ್ಳಲು ಮತ್ತೆ ಹರಿಹರಕ್ಕೆ ಬಸ್ ಹತ್ತಬೇಕು. ಉಳಿಸಿದ ಕೂಲಿ ಮಾರನೆಯ ದಿನ ಹೋಯಿತು. ಚೀಟಿ ಬರೆಯುವ ಪರದೆಯ ಮೇಲೆಯೇ ಆ ಉಪಕೇಂದ್ರದ ದಾಸ್ತಾನು ಕಾಣುವಂತೆ ಮಾಡುವುದು ತಂತ್ರಜ್ಞರಿಗೆ ಹೆಚ್ಚಿನ ಕೆಲಸವಲ್ಲ. ಅಲ್ಲಿಯವರೆಗೆ, ಕರೆಗೆ ಮೊದಲೇ ಸಿಎಚ್‌ಒ ‘ಸರ್, ನಮ್ಮಲ್ಲಿ ಇವೇ ಮಾತ್ರೆ ಇರೋದು’ ಎಂದು ಹೇಳುವ ಧೈರ್ಯ ಮಾಡಬೇಕು, ಡಾಕ್ಟರು ಕೇಳಿಸಿಕೊಳ್ಳಬೇಕು.

ಧೈರ್ಯ ಎಂದೆ, ಅದು ಸಣ್ಣ ವಿಷಯವಲ್ಲ. ನಮ್ಮ ಆಸ್ಪತ್ರೆಗಳಲ್ಲಿ ನರ್ಸುಗಳು ಡಾಕ್ಟರಿಗೆ ಎದುರಾಡುವ ಪದ್ಧತಿಯಿಲ್ಲ. ಎದುರಿಗಿದ್ದರೆ ಡಾಕ್ಟರೇ ರೋಗಿಯನ್ನು ಮುಟ್ಟಿ ನೋಡುತ್ತಾರೆ, ನರ್ಸಿನ ಮೌನ ಅಷ್ಟು ಹಾನಿ ಮಾಡುವುದಿಲ್ಲ. ಪರದೆಯಾಚೆಯಿಂದ ನೋಡುವಾಗ ನರ್ಸು ಹೇಳದಿದ್ದರೆ ಯಾರೂ ಹೇಳುವುದಿಲ್ಲ. ‘ಈಕೆ ನೋಡಲು ಚೆನ್ನಾಗಿದ್ದಾಳೆ, ಆದರೆ ಉಸಿರು ನಿಮಿಷಕ್ಕೆ ಮೂವತ್ತು ಇದೆ, ಇಲ್ಲಿಟ್ಟುಕೊಳ್ಳೋದು ಬೇಡ’ ಎಂದು ಸ್ಪಷ್ಟವಾಗಿ ಹೇಳಬಲ್ಲ ಸಿಎಚ್‌ಒ ಜೀವ ಉಳಿಸುತ್ತಾರೆ. ಆ ಮಾತುಗಾರಿಕೆಯನ್ನೂ ತರಬೇತಿಯಲ್ಲಿ ಸೇರಿಸಬೇಕು, ಡಾಕ್ಟರುಗಳ ತರಬೇತಿಯಲ್ಲಿ ಕಿವಿಗೊಡುವುದನ್ನೂ.

ಇದು ಸಾಧ್ಯ ಎಂಬುದಕ್ಕೆ ಪುರಾವೆ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಕೆಲಸ ಶುರು ಮಾಡಿತು. ಅವಧಿಗೆ ಮೊದಲೇ ಹುಟ್ಟಿದ, ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕಣ್ಣಿನ ಅಕ್ಷಿಪಟದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ಅಪಾಯವಿದೆ. ಹುಟ್ಟಿದ ತಿಂಗಳೊಳಗೆ ನೋಡಬೇಕು, ತಡವಾದರೆ ಕಣ್ಣು ಹೋಯಿತು. ನೋಡಬಲ್ಲ ತಜ್ಞರು ಜಿಲ್ಲೆಗಳಲ್ಲಿ ಇರಲಿಲ್ಲ. ನೇತ್ರಾಲಯದವರು ಡಾಕ್ಟರಲ್ಲದ ತಂತ್ರಜ್ಞರನ್ನು ಆರಿಸಿ, ಕೂಸಿನ ಕಣ್ಣಿನ ಒಳಗಿನ ಚಿತ್ರ ತೆಗೆಯುವ ಕ್ಯಾಮೆರಾ ಕೊಟ್ಟು, ವಾಹನದಲ್ಲಿ ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಕಳಿಸಿದರು. ಚಿತ್ರ ಅಲ್ಲಿಂದಲೇ ತಜ್ಞರಿಗೆ ಹೋಗುತ್ತಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದೇ ಮುಖ್ಯ. ತಂತ್ರಜ್ಞರಿಗೆ ಹಂತ ಹಂತವಾಗಿ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಚಿತ್ರವನ್ನು ನೋಡಿ ತಾವೇ ಹಸಿರು, ಕಿತ್ತಳೆ, ಕೆಂಪು ಎಂದು ಗುರುತು ಹಾಕುವಷ್ಟು ಬೆಳೆಸಿದರು. ಕೆಂಪು ಎಂದರೆ ತಕ್ಷಣ ಚಿಕಿತ್ಸೆ, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಮನೆಗೆ ಹೋಗಬಹುದು. ಕ್ಯಾಮೆರಾ ಹಿಡಿದವರ ಕೈಯನ್ನೂ ಕಣ್ಣನ್ನೂ ನಂಬಿ, ಆ ನಂಬಿಕೆಗೆ ಪರೀಕ್ಷೆಯ ಬೆಂಬಲ ಕೊಟ್ಟದ್ದರಿಂದ ಎಷ್ಟೋ ಕೂಸುಗಳ ದೃಷ್ಟಿ ಉಳಿಯಿತು.

ಇನ್ನೂ ಹತ್ತಿರದ, ಇನ್ನೂ ಹಳೆಯ ಉದಾಹರಣೆ ಬಳ್ಳಾರಿಯದ್ದು. 1980ರ ದಶಕದ ನಡುವೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಸಹಾಯಕರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು, ಕೆಲವೇ ಔಷಧಿಗಳಲ್ಲಿ ನಿಭಾಯಿಸಲು ಕಲಿಸಿತು. ಮುಂದೆ ಹಲವು ವರ್ಷ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಆಗ ಬಳ್ಳಾರಿಯಲ್ಲೇ ಇತ್ತು. ಆ ಬಳ್ಳಾರಿ ಮಾದರಿಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ವಿಡಿಯೊ ಇಲ್ಲದ, ಎಷ್ಟೋ ಕೇಂದ್ರಗಳಲ್ಲಿ ಫೋನೂ ಇಲ್ಲದ ಕಾಲ. ಸಾಧಾರಣ ಓದಿನ ಆರೋಗ್ಯ ಕಾರ್ಯಕರ್ತೆ ಸರಿಯಾಗಿ ಕಲಿಸಿದರೆ ಏನೇನು ಮಾಡಬಲ್ಲಳು ಎಂಬುದು ನಮಗೆ ಅಂದೇ ತಿಳಿದಿತ್ತು.

ಮಾನಸಿಕ ಆರೋಗ್ಯದ ಮಾತು ಬಂದಾಗ ಹರಿಹರ ತಾಲ್ಲೂಕಿನವರಿಗೆ ಉಕ್ಕಡಗಾತ್ರಿ ನೆನಪಾಗುತ್ತದೆ. ತುಂಗಭದ್ರೆಯ ದಡದ ಅಜ್ಜಯ್ಯನ ಸನ್ನಿಧಿಗೆ, ಗಾಳಿ ಸೋಕಿದೆ ಎಂದು ನಂಬಿ, ಮನೆಯವರನ್ನು ಕರೆತರುವವರು ರಾಜ್ಯದ ಮೂಲೆ ಮೂಲೆಯಿಂದ ಬರುತ್ತಾರೆ. ಅವರ ಭಕ್ತಿಯನ್ನು ಹಳಿಯುವ ಅಧಿಕಾರ ನನಗಿಲ್ಲ. ಸಂಕಟದಲ್ಲಿ ಬಂದವರಿಗೆ ಅಲ್ಲಿ ಸಿಗುವ ಸಮಾಧಾನವೂ ಸುಳ್ಳಲ್ಲ. ಆದರೆ ಅದೇ ಸಂಸಾರಕ್ಕೆ 14416 ಎಂಬ ಸಂಖ್ಯೆಯನ್ನೂ ಯಾರಾದರೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೂ ಸಿಗುತ್ತದೆ. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ, ಅಲ್ಲಿಂದ ಜಿಲ್ಲೆಯ ಮಾನಸಿಕ ಆರೋಗ್ಯ ತಂಡಕ್ಕೆ ದಾಟಿಸುತ್ತಾರೆ. ಆ ಭಾಗದ ಆಶಾ ಕಾರ್ಯಕರ್ತೆಯರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರುಗಳಿಗೆ ಈ ಸಂಖ್ಯೆ ಗೊತ್ತಿದ್ದರೆ ಅದೂ ಆರೋಗ್ಯ ಸಂಪನ್ಮೂಲವೇ.

ಗುಟ್ಟಿನ ಪ್ರಶ್ನೆಯೂ ಇದೆ. ಒಂದೇ ಕೋಣೆಯ ಉಪಕೇಂದ್ರದಲ್ಲಿ ಡಾಕ್ಟರ ದನಿ ಸ್ಪೀಕರಿನಲ್ಲಿ ಹೊರಬಿದ್ದರೆ ಬಾಗಿಲಲ್ಲಿ ಕೂತ ನಾಲ್ಕು ಜನರಿಗೂ ಕೇಳುತ್ತದೆ. ಕ್ಷಯದ ಮಾತು, ಮುಟ್ಟಿನ ತೊಂದರೆ, ಮನಸ್ಸಿನ ಕಾಯಿಲೆ, ಗಂಡನ ಹೊಡೆತ ಇವನ್ನೆಲ್ಲ ಹೆಣ್ಣುಮಕ್ಕಳು ಹಾಗೆ ಹೇಳುವುದಿಲ್ಲ. ಒಂದು ಹೆಡ್‌ಫೋನ್, ಒಂದು ಪರದೆ ಬಟ್ಟೆ, ಮನೆಯ ಗಂಡಸರನ್ನು ‘ಸ್ವಲ್ಪ ಹೊರಗೆ ಕೂತ್ಕೊಳ್ರಿ’ ಎನ್ನುವ ಸಿಎಚ್‌ಒ ಸಾಕು. ಉರ್ದು, ಲಂಬಾಣಿ ಮಾತಾಡುವವರಿಗೆ ನಡುವೆ ನಿಂತು ಹೇಳುವ ಆಶಾ ಒಬ್ಬರಿದ್ದರೆ ಮತ್ತೂ ಒಳ್ಳೆಯದು.

ತುರ್ತಿನ ವಿಷಯದಲ್ಲಿ ಲೆಕ್ಕವೇ ಬೇರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ಕೂಡಲೇ ದೂರದ ತಜ್ಞರಿಗೆ ಹೋಗುತ್ತದೆ. ಹೃದಯಾಘಾತವೆಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು, ಹೊರಗೆ ಸಾವಿರಾರು ರೂಪಾಯಿ ಬೆಲೆಯದ್ದನ್ನು, ಅಲ್ಲೇ ಉಚಿತವಾಗಿ ಕೊಡುತ್ತಾರೆ. ದೂರವೈದ್ಯದ ಅತ್ಯುತ್ತಮ ಬಳಕೆ ಇದು ಎಂದು ನಾನು ನಂಬುತ್ತೇನೆ. ಇಲ್ಲೂ ಎಲ್ಲ ನಿಂತಿರುವುದು ಇಸಿಜಿ ತೆಗೆಯುವವರ ಮೇಲೆ. ಬಲಗೈ ಎಡಗೈ ತಂತಿ ಅದಲುಬದಲಾದರೆ ಗೆರೆ ತಲೆಕೆಳಗಾಗುತ್ತದೆ. ಹೆಣ್ಣುಮಕ್ಕಳ ಎದೆಗೆ ತಂತಿ ಅಂಟಿಸುವಾಗ ಸಂಕೋಚಪಟ್ಟು ಜಾಗ ತಪ್ಪಿಸಿದರೆ ಇಲ್ಲದ ಹೃದಯಾಘಾತ ಕಾಣಬಹುದು, ಇದ್ದದ್ದು ಮರೆಯಾಗಬಹುದು. ರಾತ್ರಿ ಪಾಳಿಯ ನರ್ಸಿಗೆ ಇದು ಕಣ್ಣುಮುಚ್ಚಿ ಬರುವಷ್ಟು ರೂಢಿಯಾಗಿರಬೇಕು.

ಖಾಸಗಿ ಡಾಕ್ಟರುಗಳ ವಿಷಯ ಹೇಳದಿದ್ದರೆ ಚಿತ್ರ ಅರ್ಧ. ದಾವಣಗೆರೆಯ ಎಷ್ಟೋ ಡಾಕ್ಟರುಗಳು ದಿನವೂ ಟೆಲಿಮೆಡಿಸಿನ್ ಮಾಡುತ್ತಿದ್ದಾರೆ, ಹಾಗೆಂದು ಕರೆಯುವುದಿಲ್ಲ, ಅಷ್ಟೇ. ‘ಸರ್, ರಿಪೋರ್ಟ್ ವಾಟ್ಸ್‌ಆಪ್‌ಗೆ ಹಾಕೀನಿ, ಸ್ವಲ್ಪ ನೋಡ್ರಿ’ ಎಂಬ ಕರೆ ರಾತ್ರಿ ಹತ್ತಕ್ಕೂ ಬರುತ್ತದೆ, ಬಹಳಷ್ಟು ಡಾಕ್ಟರುಗಳು ದುಡ್ಡು ಕೇಳದೆ ನೋಡುತ್ತಾರೆ. ಈ ಒಳ್ಳೆಯತನ ನಮ್ಮ ಊರಿನ ಆಸ್ತಿ. ಆದರೆ ಆ ಸಲಹೆಗೆ ದಾಖಲೆಯಿಲ್ಲ. ಯಾವ ಮಾತ್ರೆ ಹೇಳಿದೆ ಎಂದು ಡಾಕ್ಟರಿಗೆ ಮುಂದಿನ ವಾರ ನೆನಪಿರುವುದಿಲ್ಲ, ರೋಗಿ ಅದೇ ಸಂದೇಶವನ್ನು ನೆರೆಮನೆಯವರಿಗೂ ಕಳಿಸಿರುತ್ತಾನೆ. ಮಾರ್ಗಸೂಚಿ ಕೇಳುವುದು ದೊಡ್ಡದೇನಲ್ಲ: ನೋಂದಣಿ ಸಂಖ್ಯೆಯಿರುವ ಚೀಟಿಯಲ್ಲಿ ಬರೆದು ಅದರ ಫೋಟೊ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ರೋಗಿಗೂ ಕ್ಷೇಮ, ಡಾಕ್ಟರಿಗೂ ಕ್ಷೇಮ.

ನಮ್ಮ ದಂತ ಕಾಲೇಜುಗಳಿಗೆ ಇಲ್ಲೊಂದು ದೊಡ್ಡ ಅವಕಾಶವಿದೆ. ಗುಟ್ಕಾ, ತಂಬಾಕು, ಅಡಿಕೆ ಅಗಿಯುವ ಈ ಭಾಗದಲ್ಲಿ ಬಾಯಿಯ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕ್ಯಾನ್ಸರಿನ ಮುನ್ಸೂಚನೆಗಳು. ಆಶಾ ಕಾರ್ಯಕರ್ತೆ ತೆಗೆದ ಒಂದು ಒಳ್ಳೆಯ ಫೋಟೊವನ್ನು ಬಾಪೂಜಿ ದಂತ ಕಾಲೇಜಿನಲ್ಲೋ ದಂತವಿಜ್ಞಾನ ಕಾಲೇಜಿನಲ್ಲೋ ಕೂತ ಸ್ನಾತಕೋತ್ತರ ವಿದ್ಯಾರ್ಥಿ ಅದೇ ದಿನ ನೋಡಿ ‘ಇವರನ್ನು ಈ ವಾರವೇ ಕಳಿಸಿ’ ಎಂದು ಉತ್ತರಿಸುವುದಕ್ಕೆ ಹೊಸ ಕಟ್ಟಡ ಬೇಡ. ವೈದ್ಯಕೀಯ ಕಾಲೇಜುಗಳೂ ಹಾಗೆಯೇ. ಜೆ.ಜೆ.ಎಂ., ಎಸ್.ಎಸ್. ಕಾಲೇಜುಗಳು ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಸಿಎಚ್‌ಒಗಳನ್ನು ಎರಡೆರಡು ದಿನ ವಾರ್ಡಿಗೆ ಕರೆದು ಕಾಲು, ಕಿವಿ, ಚರ್ಮ, ಉಸಿರಾಟ ನೋಡುವುದನ್ನು ಕೈಹಿಡಿದು ಕಲಿಸಲಿ. ಇನ್‌ಹೇಲರ್ ಎಳೆಯುವ ರೀತಿಯನ್ನು ಅವರಿಗೆ ಕಲಿಸಿದರೆ ಭಟ್ಟಿಯ ಕೆಲಸಗಾರರಿಗೆ ಅವರು ಕಲಿಸುತ್ತಾರೆ. ಹೌಸ್ ಸರ್ಜನ್‌ಗಳನ್ನು ಪ್ರತಿಯಾಗಿ ಒಂದು ವಾರ ಉಪಕೇಂದ್ರದ ಈ ತುದಿಯಲ್ಲಿ ಕೂರಿಸಲಿ. ಒಮ್ಮೆ ಇಲ್ಲಿ ಕೂತವರು ಮುಂದೆ ಆ ತುದಿಯಲ್ಲಿ ಕೂತಾಗ ಅವಸರ ಮಾಡುವುದಿಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಮನವಿ ಒಂದೇ. ತಿಂಗಳ ವರದಿಯಲ್ಲಿ ಎಷ್ಟು ಕರೆ ಆಯಿತು ಎಂಬ ಕಾಲಂ ಇರಲಿ, ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಿ: ಬರೆದ ಔಷಧಿ ಅಲ್ಲೇ ಸಿಕ್ಕಿತೇ, ಮುಂದಿನ ತಿಂಗಳು ರೋಗಿ ಮತ್ತೆ ಬಂದರೇ.

ಓದುಗರಿಗೂ ಒಂದೆರಡು ಮಾತು. ನಿಮ್ಮೂರಿನ ಉಪಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗುವಾಗ ಹಳೆಯ ಚೀಟಿ, ಖಾಲಿಯಾದ ಮಾತ್ರೆಯ ಪಟ್ಟಿ ಎರಡನ್ನೂ ಒಯ್ಯಿರಿ. ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿಸಿ ಎಂದು ಕೇಳಿರಿ, ಅದು ನಿಮ್ಮ ಹಕ್ಕು. ಆದರೆ ಎದೆ ಹಿಡಿದುಕೊಂಡರೆ, ಬಾಯಿ ವಾರೆಯಾಗಿ ಕೈಕಾಲು ಸೋತರೆ, ಹಾವು ಕಚ್ಚಿದರೆ, ಕೂಸು ಏದುಸಿರು ಬಿಟ್ಟರೆ ಯಾವ ಆ್ಯಪನ್ನೂ ತೆರೆಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.